ಕಣ್ಣಿಗೆ ಕಾಣದವರ ಬಗ್ಗೆ ನಾವು ಕಲಿತದ್ದು



ಈ ಮಳೆಗಾಲದಲ್ಲಿ ನಮ್ಮ ಯುವ ಸಂಘಟನೆಯ ಹನ್ನೆರಡು ಮಂದಿ ನಾಲ್ಕು ಭಾನುವಾರ ಬಲಿಪೂಜೆಯ ನಂತರ ಚರ್ಚ್ ಹಾಲಿನಲ್ಲಿ ಕುಳಿತು ಬ್ಯಾಕ್ಟೀರಿಯಾ ಮತ್ತು ಜೀವಕೋಶಗಳ ಬಗ್ಗೆ ಓದಿದೆವು. ಕೇಳಿದವರಿಗೆಲ್ಲ ಆಶ್ಚರ್ಯ. "ಕ್ವಿಜ್ ಉಂಟಾ ಮಕ್ಕಳೇ?" ಎಂದರು ಕೆಲವರು. "ಪರೀಕ್ಷೆ ಮುಗಿದ ಮೇಲೂ ಇದೆಲ್ಲ ಎಂತಕ್ಕೆ?" ಎಂದರು ಇನ್ನು ಕೆಲವರು. ಕ್ವಿಜ್ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ನಮಗೆ ಉತ್ತರ ಬೇಕಾಗಿದ್ದ ಕೆಲವು ಪ್ರಶ್ನೆಗಳಿದ್ದವು. ಅವು ಏನು, ಓದಿ ನಮಗೆ ತಿಳಿದದ್ದೇನು ಎಂಬುದನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕು ಎಂದು ಇದನ್ನು ಬರೆಯುತ್ತಿದ್ದೇವೆ.

ಯಾಕೆ ಓದಲು ಕುಳಿತೆವು?

ನಮ್ಮ ಗಾಯನ ಮಂಡಳಿಯಲ್ಲಿ ಹಾಡುವ ಒಬ್ಬಳು ಗೆಳತಿಗೆ ಮೂರು ವಾರವಾದರೂ ಕೆಮ್ಮು ಬಿಡಲಿಲ್ಲ. ಸಂಜೆ ಸಣ್ಣ ಜ್ವರ, ತೂಕವೂ ಇಳಿಯುತ್ತಾ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿದಾಗ ಕ್ಷಯರೋಗ, ಅಂದರೆ ಟಿ.ಬಿ. ಎಂದು ಗೊತ್ತಾಯಿತು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಅವಳ ಹೆಸರು ಇಲ್ಲಿ ಬೇಡ.

ಔಷಧಿ ಶುರುವಾಯಿತು. ಅದಕ್ಕಿಂತ ಬೇಗ ಊರಿನ ಮಾತು ಶುರುವಾಯಿತು. ಅವರ ಮನೆಯ ಸರದಿ ಇದ್ದ ತಿಂಗಳ ವಾಳೆಯ ಜಪಸರ ಪ್ರಾರ್ಥನೆಗೆ ಬಂದವರು ಎರಡೇ ಮನೆಯವರು. "ಆ ಮನೆಯಲ್ಲಿ ಚಹಾ ಕುಡಿಯಬಹುದಾ?", "ಇನ್ನು ಅವಳಿಗೆ ಸಂಬಂಧ ಹುಡುಕುವುದು ಹೇಗೆ?", "ಇದು ವಂಶದಲ್ಲೇ ಉಂಟಂತೆ" ಎಂಬ ಮಾತುಗಳು ಅವಳ ಅಮ್ಮನ ಕಿವಿಗೂ ಬಿದ್ದವು. ನಾವು ನೋಡಲು ಹೋದಾಗ ಗೆಳತಿ ಅಳಲಿಲ್ಲ. ಆದರೆ ಒಂದು ಮಾತು ಹೇಳಿದಳು: "ನನ್ನ ಬಗ್ಗೆ ಮಾತಾಡುವ ಬದಲು ಆ ರೋಗದ ಬಗ್ಗೆ ಸರಿಯಾಗಿ ಯಾರಾದರೂ ಮಾತಾಡಿದ್ದರೆ ಸಾಕಿತ್ತು."

ಆ ಮಾತಿನಿಂದಲೇ ನಮ್ಮ ಓದು ಶುರುವಾಯಿತು. ನಮ್ಮ ಧರ್ಮಕೇಂದ್ರದವರೇ ಆದ, ಎಂ.ಎಸ್ಸಿ. ಮೈಕ್ರೋಬಯಾಲಜಿ ಓದುತ್ತಿರುವ ಅಕ್ಕ ಪಾಠ ಮಾಡಲು ಒಪ್ಪಿದರು. ನಿವೃತ್ತರಾದ ಟೀಚರ್ ಒಬ್ಬರು ತಮ್ಮ ಮನೆಯಲ್ಲಿದ್ದ ಹಳೆಯ ಮೈಕ್ರೋಸ್ಕೋಪನ್ನು ಒರೆಸಿ ತಂದುಕೊಟ್ಟರು. ಫಾದರ್ ಹಾಲಿನ ಬೀಗದ ಕೈ ಕೊಟ್ಟು, ಹಿಂದಿನ ಬೆಂಚಿನಲ್ಲಿ ತಾವೂ ಬಂದು ಕುಳಿತರು.

ನೀರುಳ್ಳಿ ಸಿಪ್ಪೆಯಿಂದ ಆರಂಭ

ಮೊದಲ ಭಾನುವಾರ ಬ್ಯಾಕ್ಟೀರಿಯಾ ಮುಟ್ಟಲೇ ಇಲ್ಲ. ಅಕ್ಕ ನೀರುಳ್ಳಿಯ ಒಳಪೊರೆಯನ್ನು ತೆಳ್ಳಗೆ ತೆಗೆದು, ಒಂದು ತೊಟ್ಟು ಅಯೋಡಿನ್ ಹಾಕಿ ಗಾಜಿನ ಮೇಲಿಟ್ಟರು. ಇಟ್ಟಿಗೆಯ ಗೋಡೆಯಂತೆ ಸಾಲಾಗಿ ಕೋಣೆಗಳು ಕಂಡವು. ಒಂದೊಂದು ಕೋಣೆಯಲ್ಲೂ ಒಂದೊಂದು ಕಂದು ಚುಕ್ಕೆ. ಕೋಣೆಯೇ ಜೀವಕೋಶ, ಚುಕ್ಕೆಯೇ ಕೋಶಕೇಂದ್ರ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುವಾದ ಚೂರನ್ನು ಹೀಗೆಯೇ ನೋಡಿ, ಆ ಚಿಕ್ಕ ಕೋಣೆಗಳಿಗೆ 'ಸೆಲ್' ಎಂದು ಹೆಸರಿಟ್ಟರು. ಸನ್ಯಾಸಿ ಮಠಗಳಲ್ಲಿ ಒಬ್ಬರೇ ಇರುವ ಪುಟ್ಟ ಕೋಣೆಗೂ ಅದೇ ಹೆಸರು ಎಂದು ಫಾದರ್ ಹಿಂದಿನಿಂದ ಸೇರಿಸಿದರು.

ಇಲ್ಲಿ ನಮ್ಮದೇ ಒಂದು ವಿಶೇಷವನ್ನು ಹೇಳಬೇಕು. ಕಾಸರಗೋಡಿನ ನಮ್ಮ ಗುಂಪಿನಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತವರಿದ್ದಾರೆ, ಮಲಯಾಳ ಮಾಧ್ಯಮದವರಿದ್ದಾರೆ, ಇಂಗ್ಲಿಷ್ ಮಾಧ್ಯಮದವರೂ ಇದ್ದಾರೆ. ಮನೆಯಲ್ಲಿ ಮಾತಾಡುವುದು ಕೊಂಕಣಿ. ಹೀಗಾಗಿ ಒಂದು ಚುಕ್ಕೆಗೆ ಮೂರು ಹೆಸರು ಬಂದವು. ಕನ್ನಡದವರು ಕೋಶಕೇಂದ್ರ ಎಂದರು, ಇಂಗ್ಲಿಷಿನವರು ನ್ಯೂಕ್ಲಿಯಸ್ ಎಂದರು, ಮಲಯಾಳದವರು ಮರ್ಮಂ ಎಂದರು. ಮರ್ಮ ಎಂದರೆ ಕನ್ನಡದಲ್ಲಿ ಒಳಗುಟ್ಟು. ಜೀವಕೋಶದ ಒಳಗುಟ್ಟೆಲ್ಲ ಇರುವುದು ಆ ಚುಕ್ಕೆಯ ಡಿ.ಎನ್.ಎ.ಯಲ್ಲಿ ಎಂದು ಅಕ್ಕ ವಿವರಿಸಿದ ಮೇಲೆ, ಮೂರರಲ್ಲಿ ಆ ಹೆಸರೇ ನಮಗೆಲ್ಲ ಹೆಚ್ಚು ಹಿಡಿಸಿತು. ಹತ್ತನೆಯವರೆಗೆ ಕನ್ನಡದಲ್ಲಿ ವಿಜ್ಞಾನ ಕಲಿತು ಪ್ಲಸ್ ವನ್‌ಗೆ ಬಂದಾಗ ಹೊಸ ಪದಗಳ ಮುಂದೆ ಬಾಯಿ ಕಟ್ಟಿ ಕುಳಿತ ಅನುಭವ ನಮ್ಮಲ್ಲಿ ಹಲವರಿಗಿದೆ. ಈ ನಾಲ್ಕು ಭಾನುವಾರ ಮೂರು ಭಾಷೆಯ ಪದಗಳನ್ನೂ ಬೋರ್ಡಿನಲ್ಲಿ ಪಕ್ಕ ಪಕ್ಕ ಬರೆದೆವು. ಯಾರೂ ಬಾಯಿ ಕಟ್ಟಿ ಕೂರಲಿಲ್ಲ.

ಬ್ಯಾಕ್ಟೀರಿಯಾಕ್ಕೆ ಕೋಶಕೇಂದ್ರವೇ ಇಲ್ಲ. ಅದರ ಡಿ.ಎನ್.ಎ. ಕೋಶದೊಳಗೆ ಹಾಗೆಯೇ ಸುತ್ತಿಕೊಂಡಿರುತ್ತದೆ. ಒಂದೇ ಕೋಶದಲ್ಲಿ ಅದರ ಇಡೀ ಜೀವನ: ತಿನ್ನುವುದು, ಬೆಳೆಯುವುದು, ಎರಡಾಗುವುದು. ಗಾತ್ರ ಸಾಮಾನ್ಯವಾಗಿ ಒಂದೆರಡು ಮೈಕ್ರೋಮೀಟರ್. ಸ್ಕೇಲಿನ ಒಂದು ಮಿಲಿಮೀಟರ್ ಜಾಗದಲ್ಲಿ ಐನೂರರಿಂದ ಸಾವಿರ ಬ್ಯಾಕ್ಟೀರಿಯಾಗಳನ್ನು ಸಾಲಾಗಿ ನಿಲ್ಲಿಸಬಹುದು. ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಬೇಕಾದ ಆಹಾರ, ಬಿಸಿ ಸಿಕ್ಕಿದರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತದೆ. ನಾವು ಲೆಕ್ಕ ಹಾಕಿ ನೋಡಿದೆವು: ಏಳು ಗಂಟೆಯಲ್ಲಿ ಇಪ್ಪತ್ತೊಂದು ಬಾರಿ ಇಮ್ಮಡಿಯಾಗಿ 20,97,152 ಆಗುತ್ತದೆ. ರಾತ್ರಿ ಮುಚ್ಚದೆ ಬಿಟ್ಟ ಸಾರು ಬೆಳಿಗ್ಗೆ ಹಳಸಿರುವುದು ಯಾಕೆ ಎಂದು ಯಾರಿಗೂ ಮತ್ತೆ ಹೇಳಬೇಕಾಗಲಿಲ್ಲ.

ಇಬ್ಬರು ಗುರುಗಳ ವಾದ

ಬ್ಯಾಕ್ಟೀರಿಯಾವನ್ನು ಮೊದಲು ಕಂಡವರು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್. ಕೈಯಾರೆ ಉಜ್ಜಿ ಮಾಡಿದ ಪುಟ್ಟ ಮಸೂರದಲ್ಲಿ 1670ರ ದಶಕದಲ್ಲಿ ನೀರಿನ ಹನಿಯೊಳಗಿನ ಜೀವಿಗಳನ್ನೂ, 1683ರಲ್ಲಿ ತಮ್ಮ ಹಲ್ಲಿನ ಮೇಲಿನ ಬಿಳಿ ಪದರದಲ್ಲಿ ಓಡಾಡುವ ಜೀವಿಗಳನ್ನೂ ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದರು. ಆದರೆ ಇವು ಎಲ್ಲಿಂದ ಬರುತ್ತವೆ?

ಈ ಪ್ರಶ್ನೆಯ ಮೇಲೆ ಹದಿನೆಂಟನೆಯ ಶತಮಾನದಲ್ಲಿ ಇಬ್ಬರು ಕಥೋಲಿಕ ಗುರುಗಳೇ ಎದುರೆದುರು ನಿಂತರು ಎಂಬುದು ನಮಗೆ ಹೊಸ ವಿಷಯ. ಇಂಗ್ಲೆಂಡಿನ ಫಾದರ್ ಜಾನ್ ನೀಡಮ್ ಮಾಂಸದ ಸಾರನ್ನು ಬಿಸಿ ಮಾಡಿ, ಬಾಟಲಿ ಮುಚ್ಚಿಟ್ಟರು. ಕೆಲವು ದಿನಗಳಲ್ಲಿ ಅದರಲ್ಲಿ ಸೂಕ್ಷ್ಮಜೀವಿಗಳು ತುಂಬಿದವು. ಸಾರಿನಿಂದಲೇ ಜೀವ ಹುಟ್ಟುತ್ತದೆ ಎಂದು ಅವರು ತೀರ್ಮಾನಿಸಿದರು. ಇಟಲಿಯ ಫಾದರ್ ಲಜ್ಜಾರೊ ಸ್ಪಲ್ಲಂಜಾನಿ ಒಪ್ಪಲಿಲ್ಲ. ಗಾಜಿನ ಬಾಟಲಿಯ ಬಾಯಿಯನ್ನು ಕರಗಿಸಿ ಪೂರ್ತಿ ಮುಚ್ಚಿ, ಸಾರನ್ನು ಹೆಚ್ಚು ಹೊತ್ತು ಕುದಿಸಿದರು. ಅದರಲ್ಲಿ ಏನೂ ಬೆಳೆಯಲಿಲ್ಲ. 1765ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕುದಿಸಿದ್ದರಿಂದ ಗಾಳಿಯೇ ಕೆಟ್ಟುಹೋಯಿತು, ಅದಕ್ಕೇ ಜೀವ ಹುಟ್ಟಲಿಲ್ಲ ಎಂದು ನೀಡಮ್ ವಾದಿಸಿದರು. ಈ ವಾದಕ್ಕೆ ಕೊನೆಯ ಉತ್ತರ ಬಂದದ್ದು ಸುಮಾರು ನೂರು ವರ್ಷದ ನಂತರ, ಲೂಯಿ ಪಾಶ್ಚರ್ ಹಂಸದ ಕತ್ತಿನಂತೆ ಬಾಗಿದ ಬಾಟಲಿಯಲ್ಲಿ ಗಾಳಿಯನ್ನು ಬಿಟ್ಟು, ಧೂಳನ್ನು ಮಾತ್ರ ತಡೆದು ತೋರಿಸಿದಾಗ.

"ಇಬ್ಬರೂ ಗುರುಗಳು, ಹಾಗಾದರೆ ಯಾರ ಪಕ್ಷ ಹಿಡಿಯಬೇಕಿತ್ತು?" ಎಂದು ನಮ್ಮಲ್ಲೊಬ್ಬ ತಮಾಷೆಗೆ ಕೇಳಿದ. "ಬಾಟಲಿಯ ಪಕ್ಷ" ಎಂದರು ಫಾದರ್. ಎಲ್ಲರೂ ನಕ್ಕರೂ ಆ ಉತ್ತರ ನಮ್ಮ ಮನಸ್ಸಿನಲ್ಲಿ ಉಳಿಯಿತು. ಸತ್ಯವನ್ನು ಹೇಳುವವರ ಮುಖ ನೋಡಿ ತೂಗಬಾರದು. ನಮ್ಮ ವಾಳೆಯಲ್ಲಿ ಹರಡಿದ್ದ ಮಾತುಗಳನ್ನೂ ಹೀಗೆಯೇ ಪರೀಕ್ಷಿಸಬೇಕಿತ್ತು.

ಅಡುಗೆಮನೆಯಲ್ಲಿ, ತೋಟದಲ್ಲಿ, ನಮ್ಮೊಳಗೆ

ಬ್ಯಾಕ್ಟೀರಿಯಾ ಎಂದರೆ ರೋಗ ಎಂದೇ ನಮ್ಮಲ್ಲಿ ಬಹುಮಂದಿ ತಿಳಿದಿದ್ದರು. ಎರಡನೆಯ ಭಾನುವಾರ ಅಕ್ಕ ಕೊಟ್ಟ ಮನೆಗೆಲಸ: ನಿಮ್ಮ ಮನೆಯಲ್ಲಿ ಸೂಕ್ಷ್ಮಜೀವಿಗಳು ಮಾಡುವ ಒಳ್ಳೆಯ ಕೆಲಸಗಳ ಪಟ್ಟಿ ತನ್ನಿ. ಪಟ್ಟಿ ನಾವು ಅಂದುಕೊಂಡದ್ದಕ್ಕಿಂತ ಉದ್ದವಾಯಿತು.

ಮೊಸರಿನಲ್ಲಿ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತದೆ, ಆಗ ಹಾಲು ಹೆಪ್ಪಾಗುತ್ತದೆ. ಇಡ್ಲಿ ಹಿಟ್ಟನ್ನು ಉಬ್ಬಿಸುವ ಗಾಳಿಯನ್ನೂ ಹೆಚ್ಚಾಗಿ ಬ್ಯಾಕ್ಟೀರಿಯಾಗಳೇ ಬಿಡುತ್ತವೆ. ಮೊಂತಿ ಹಬ್ಬಕ್ಕೆ, ಮದುವೆಗೆ ಮಾಡುವ ಸನ್ನಕ್ಕೆ ಅಜ್ಜಿಯಂದಿರು ಕಳ್ಳು ಹಾಕುತ್ತಾರಲ್ಲ, ಅಲ್ಲಿ ಮುಖ್ಯ ಕೆಲಸ ಯೀಸ್ಟಿನದು. ಯೀಸ್ಟ್ ಬ್ಯಾಕ್ಟೀರಿಯಾ ಅಲ್ಲ, ಅದೊಂದು ಶಿಲೀಂಧ್ರ, ಅದಕ್ಕೆ ಕೋಶಕೇಂದ್ರವಿದೆ. ಅದೇ ಕಳ್ಳನ್ನು ಹಾಗೆಯೇ ಬಿಟ್ಟರೆ ಹುಳಿಯಾಗಿ ವಿನೆಗರ್ ಆಗುವುದು ಮಾತ್ರ ಬ್ಯಾಕ್ಟೀರಿಯಾದಿಂದ. ಹಬ್ಬದ ದಿನದ ಸನ್ನ ಒಬ್ಬರ ಕೆಲಸ, ಪೋರ್ಕಿಗೆ ಹಾಕುವ ವಿನೆಗರ್ ಇನ್ನೊಬ್ಬರ ಕೆಲಸ.

ತೋಟದಲ್ಲಿ ಅಲಸಂಡೆ ಗಿಡವನ್ನು ಮೆಲ್ಲಗೆ ಕಿತ್ತು ಬೇರು ತೊಳೆದರೆ ಸಣ್ಣ ಗಂಟುಗಳು ಕಾಣುತ್ತವೆ. ಒಬ್ಬ ಗೆಳೆಯ ಗಿಡವನ್ನೇ ತಂದಿದ್ದ. ಆ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನನ್ನು ಗಿಡಕ್ಕೆ ಗೊಬ್ಬರವಾಗಿಸುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಒಂದು ಗಂಟನ್ನು ಕತ್ತರಿಸಿ ನೋಡಿದೆವು, ಒಳಗೆ ನಸುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ಸಂಬಂಧಿಯಾದ ಒಂದು ಪ್ರೋಟೀನ್‌ನ ಬಣ್ಣ ಅದು.

ಜೂನ್ ತಿಂಗಳ ಮೊದಲ ಮಳೆಗೆ ಮಣ್ಣು ಬೀರುವ ಪರಿಮಳವಂತೂ ನಮ್ಮೆಲ್ಲರಿಗೂ ಇಷ್ಟ. ಆ ಪರಿಮಳದ ಮುಖ್ಯ ಭಾಗವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ತಯಾರಿಸುವುದು ಮಣ್ಣಿನಲ್ಲಿರುವ ಸ್ಟ್ರೆಪ್ಟೋಮೈಸಿಸ್ ಜಾತಿಯ ಬ್ಯಾಕ್ಟೀರಿಯಾ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಇನ್ನು ನಮ್ಮ ದೇಹ. 2016ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಸುಮಾರು 70 ಕಿಲೋ ತೂಕದ ಒಬ್ಬ ಮನುಷ್ಯನಲ್ಲಿ ಸುಮಾರು 30 ಲಕ್ಷ ಕೋಟಿ ಮಾನವ ಜೀವಕೋಶಗಳಿದ್ದರೆ, ಬ್ಯಾಕ್ಟೀರಿಯಾಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ. ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲಿ. ಎಲ್ಲವನ್ನೂ ತೂಗಿದರೆ ಸುಮಾರು 200 ಗ್ರಾಂ. ಎಣಿಕೆಯಲ್ಲಿ ನೋಡಿದರೆ ನಮ್ಮ ದೇಹದಲ್ಲಿ ನಮಗಿಂತ ಅತಿಥಿಗಳೇ ಜಾಸ್ತಿ! ಇವು ನಮಗೆ ಜೀರ್ಣವಾಗದ ನಾರನ್ನು ಒಡೆಯುತ್ತವೆ, ವಿಟಮಿನ್ ಕೆ ತಯಾರಿಸುತ್ತವೆ, ಕೆಟ್ಟ ಜೀವಿಗಳಿಗೆ ಜಾಗ ಬಿಡದೆ ಕಾಯುತ್ತವೆ.

ಇದಕ್ಕಿಂತಲೂ ಆಶ್ಚರ್ಯದ ವಿಷಯ ನಮ್ಮ ಜೀವಕೋಶದ ಒಳಗೇ ಇದೆ. ಆಹಾರದಿಂದ ಶಕ್ತಿ ತೆಗೆದುಕೊಡುವ ಮೈಟೋಕಾಂಡ್ರಿಯ ಬಹಳ ಹಿಂದೆ ಸ್ವತಂತ್ರವಾಗಿ ಬದುಕುತ್ತಿದ್ದ ಒಂದು ಬ್ಯಾಕ್ಟೀರಿಯಾ ಆಗಿತ್ತು. ಇನ್ನೊಂದು ಕೋಶದ ಒಳಗೆ ಸೇರಿ, ಅಲ್ಲಿಯೇ ನೆಲೆಸಿ, ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರದಂತೆ ಆದರು. ಈ ಮಾತನ್ನು ಗಟ್ಟಿಯಾಗಿ ಮುಂದಿಟ್ಟವರು ಅಮೆರಿಕದ ಲಿನ್ ಮಾರ್ಗುಲಿಸ್. ಅವರ ಬರಹವನ್ನು ಹಲವು ಪತ್ರಿಕೆಗಳು ತಿರಸ್ಕರಿಸಿದವು, ಕೊನೆಗೆ 1967ರಲ್ಲಿ ಅಚ್ಚಾಯಿತು. ಇಂದು ಅದು ಪಠ್ಯಪುಸ್ತಕದ ಪಾಠ. ಮೈಟೋಕಾಂಡ್ರಿಯಕ್ಕೆ ಈಗಲೂ ತನ್ನದೇ ಆದ, ಬ್ಯಾಕ್ಟೀರಿಯಾದ್ದರಂತೆ ಉಂಗುರದ ಆಕಾರದ ಡಿ.ಎನ್.ಎ. ಇದೆ. ಅದು ನಮಗೆ ಬರುವುದು ತಾಯಿಯಿಂದ. ನಮ್ಮ ತಾಯಿಗೆ ಅವಳ ತಾಯಿಯಿಂದ, ಅವಳಿಗೆ ಅವಳ ತಾಯಿಯಿಂದ. ಆ ದಿನ ಮನೆಗೆ ಹೋಗಿ ಇದನ್ನು ಹೇಳಿದಾಗ ನಮ್ಮಲ್ಲೊಬ್ಬಳ ಅಜ್ಜಿ, "ಹಾಗಾದರೆ ಸುಸ್ತಾಗದೆ ಓಡಾಡುವ ಶಕ್ತಿ ನಾನು ಕೊಟ್ಟದ್ದು ಅಂತಾಯಿತು" ಎಂದರಂತೆ. ತಾಯಿಯ ತಾಯಿಯಾದ್ದರಿಂದ ಅಜ್ಜಿಯ ಮಾತು ಸರಿಯೇ!

ಕ್ಷಯದ ಬ್ಯಾಕ್ಟೀರಿಯಾ ಮತ್ತು 1873

ಮೂರನೆಯ ಭಾನುವಾರ ನಮ್ಮ ಗೆಳತಿಯೂ ಬಂದಿದ್ದಳು. ಔಷಧಿ ಶುರುವಾಗಿ ಒಂದೂವರೆ ತಿಂಗಳು ಕಳೆದಿತ್ತು, ಹೊರಗೆ ಓಡಾಡಬಹುದು ಎಂದು ಡಾಕ್ಟರ್ ಹೇಳಿದ್ದರು. ಕಿಟಕಿಗಳನ್ನೆಲ್ಲ ತೆರೆದು, ಎಲ್ಲರೂ ಒಂದೇ ಸುತ್ತಿನಲ್ಲಿ ಕುಳಿತೆವು.

ಕ್ಷಯಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಎಂದು ರಾಬರ್ಟ್ ಕೋಖ್ ಬರ್ಲಿನ್ನಿನಲ್ಲಿ ಸಾರಿದ್ದು 1882ರ ಮಾರ್ಚ್ 24ರಂದು. ಅದಕ್ಕೇ ಆ ದಿನ ವಿಶ್ವ ಕ್ಷಯರೋಗ ದಿನ. ವಂಶದ ದೋಷ, ಶಾಪ ಎಂಬ ಮಾತುಗಳಿಗೆಲ್ಲ ಅಂದೇ ಉತ್ತರ ಸಿಕ್ಕಿತ್ತು. ಈ ಬ್ಯಾಕ್ಟೀರಿಯಾದ ಗೋಡೆ ಮೇಣದಂಥ ಕೊಬ್ಬಿನಿಂದ ತುಂಬಿದೆ. ಆದ್ದರಿಂದ ಅನೇಕ ಔಷಧಿಗಳು ಒಳಗೆ ಹೋಗುವುದೇ ಕಷ್ಟ. ಬೆಳವಣಿಗೆಯೂ ಬಲು ನಿಧಾನ. ಇ. ಕೋಲಿ ಇಪ್ಪತ್ತು ನಿಮಿಷದಲ್ಲಿ ಮಾಡುವುದಕ್ಕೆ ಇದು ಸುಮಾರು ಇಪ್ಪತ್ತು ಗಂಟೆ ತೆಗೆದುಕೊಳ್ಳುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಬೆಳೆಯದೆ ಸುಮ್ಮನೆ ಮಲಗಿಬಿಡುತ್ತವೆ. ಮಲಗಿದವನ್ನು ಕೊಲ್ಲುವುದು ಸುಲಭವಲ್ಲ. ಸಾಮಾನ್ಯ ಕ್ಷಯಕ್ಕೂ ಆರು ತಿಂಗಳು ಔಷಧಿ ಯಾಕೆ ಎಂಬ ಗೆಳತಿಯ ಪ್ರಶ್ನೆಗೆ ಇದೇ ಉತ್ತರ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮತ್ತೆ ನಾಲ್ಕು ತಿಂಗಳು ಮೂರು ಔಷಧಿ. ಒಂದೇ ಔಷಧಿ ಕೊಟ್ಟರೆ ಅದಕ್ಕೆ ಬಗ್ಗದ ಒಂದೆರಡು ಉಳಿದು ಮತ್ತೆ ಬೆಳೆಯಬಹುದು. ನಾಲ್ಕಕ್ಕೂ ಬಗ್ಗದಂಥದ್ದು ಇರುವ ಸಾಧ್ಯತೆ ತೀರಾ ಕಡಿಮೆ.

"ಮೂತ್ರ ಕೆಂಪಾದದ್ದು ನೋಡಿ ಮೊದಲ ದಿನ ಹೆದರಿದ್ದೆ" ಎಂದಳು ಅವಳು. ಅದು ರಿಫಾಂಪಿಸಿನ್ ಎಂಬ ಔಷಧಿಯ ಬಣ್ಣ, ಹೆದರಬೇಕಾಗಿಲ್ಲ. ಈ ಔಷಧಿಯ ಹುಟ್ಟಿನ ಕಥೆ ಚೆನ್ನಾಗಿದೆ. 1957ರಲ್ಲಿ ಫ್ರಾನ್ಸಿನ ಕಡಲತೀರದ ಪೈನ್ ಕಾಡಿನ ಮಣ್ಣನ್ನು ಇಟಲಿಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಸಿಕ್ಕಿದ ಒಂದು ಬ್ಯಾಕ್ಟೀರಿಯಾದಿಂದ ಇದರ ಮೂಲವಸ್ತು ದೊರಕಿತು. ಅದಕ್ಕೂ ಮೊದಲು, 1943ರಲ್ಲಿ, ಕ್ಷಯವನ್ನು ಸೋಲಿಸಿದ ಮೊದಲ ಔಷಧಿ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದೂ ಮಣ್ಣಿನ ಬ್ಯಾಕ್ಟೀರಿಯಾದಲ್ಲೇ. ಮಳೆಯ ಪರಿಮಳದ ಆ ಸ್ಟ್ರೆಪ್ಟೋಮೈಸಿಸ್ ಕುಟುಂಬ ಎಂದು ಹೇಳಿದೆವಲ್ಲ, ಅದೇ. ಒಂದು ಬ್ಯಾಕ್ಟೀರಿಯಾ ರೋಗ ಕೊಟ್ಟಿತು, ಇನ್ನೊಂದು ಔಷಧಿ ಕೊಟ್ಟಿತು.

ಆ ದಿನ ಫಾದರ್ ಒಂದು ಇಸವಿಯನ್ನು ಬೋರ್ಡಿನಲ್ಲಿ ಬರೆದರು: 1873. ಆ ವರ್ಷದ ಜನವರಿಯಲ್ಲಿ ಫ್ರಾನ್ಸಿನಲ್ಲಿ ಪುಟ್ಟ ಪುಷ್ಪದ ಸಂತ ತೆರೇಜಾ ಹುಟ್ಟಿದರು. ಫೆಬ್ರವರಿಯಲ್ಲಿ ನಾರ್ವೆಯ ಡಾಕ್ಟರ್ ಹ್ಯಾನ್ಸನ್ ಕುಷ್ಠರೋಗದ ಬ್ಯಾಕ್ಟೀರಿಯಾವನ್ನು ಕಂಡರು. ಮೇ ತಿಂಗಳಲ್ಲಿ ಬೆಲ್ಜಿಯಂನ ಫಾದರ್ ಡೇಮಿಯನ್ ಹವಾಯಿಯ ಮೊಲೊಕೈ ದ್ವೀಪದಲ್ಲಿ ದೂರ ಇಡಲ್ಪಟ್ಟಿದ್ದ ಕುಷ್ಠರೋಗಿಗಳ ನಡುವೆ ಹೋಗಿ ನೆಲೆಸಿದರು. ಕ್ಷಯದ ಮತ್ತು ಕುಷ್ಠದ ಬ್ಯಾಕ್ಟೀರಿಯಾಗಳು ಒಂದೇ ಕುಲದವು, ಮೈಕೋಬ್ಯಾಕ್ಟೀರಿಯಂ. ತೆರೇಜಾ ಕ್ಷಯದಿಂದ 1897ರಲ್ಲಿ, 24ನೆಯ ವಯಸ್ಸಿನಲ್ಲಿ ತೀರಿಕೊಂಡರು. ಡೇಮಿಯನ್ ತಾವು ಸೇವೆ ಮಾಡಿದ ಜನರ ರೋಗವನ್ನೇ ಪಡೆದು 1889ರಲ್ಲಿ ತೀರಿಕೊಂಡರು. ರೋಗಾಣು ಗೊತ್ತಾಗಿತ್ತು, ಔಷಧಿ ಇನ್ನೂ ಬಂದಿರಲಿಲ್ಲ. ಇಂದು ಕುಷ್ಠಕ್ಕೆ ಕೊಡುವ ಔಷಧಿಗಳಲ್ಲೂ ಅದೇ ಕೆಂಪು ರಿಫಾಂಪಿಸಿನ್ ಇದೆ, ಅದು ಉಚಿತವಾಗಿ ಸಿಗುತ್ತದೆ.

ನಮ್ಮ ಮಂಗಳೂರು ಧರ್ಮಪ್ರಾಂತ್ಯದಲ್ಲೇ, ಕಂಕನಾಡಿಯಲ್ಲಿ, ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಆರಂಭಿಸಿದ ಸೇವೆಯಲ್ಲಿ ಕುಷ್ಠರೋಗಿಗಳಿಗೂ ಆಶ್ರಯವಿತ್ತು. ಅವರ ಕೈಯಲ್ಲಿ ಇಂದಿನ ಮಾತ್ರೆ ಇರಲಿಲ್ಲ. ಇಂದು ಮಾತ್ರೆ ಇದೆ, ಹತ್ತಿರ ಕೂರುವವರು ಕಡಿಮೆ. ಇದನ್ನು ಹೇಳಿ ಫಾದರ್ ಸುಮ್ಮನಾದರು. ನಾವೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ವಾಳೆಯವರ ಮುಂದೆ

ನಾಲ್ಕನೆಯ ಭಾನುವಾರ ವಾಳೆಯ ಸಭೆಯಲ್ಲಿ ಅರ್ಧ ಗಂಟೆ ನಮಗೆ ಸಿಕ್ಕಿತು. ಭಾಷಣ ಬೇಡ, ಪ್ರಶ್ನೆಗಳಿಗೆ ಉತ್ತರ ಕೊಡೋಣ ಎಂದು ಮೊದಲೇ ನಿರ್ಧರಿಸಿದ್ದೆವು. ಅಕ್ಕ ಮತ್ತು ಆಶಾ ಕಾರ್ಯಕರ್ತೆಯೊಬ್ಬರು ನಮ್ಮ ಜೊತೆಗಿದ್ದರು. ಬಂದ ಪ್ರಶ್ನೆಗಳನ್ನೂ ಉತ್ತರಗಳನ್ನೂ ಚಿಕ್ಕದಾಗಿ ಇಲ್ಲಿ ಕೊಡುತ್ತೇವೆ.

ತಟ್ಟೆ, ಲೋಟ, ಬಟ್ಟೆಯಿಂದ ಟಿ.ಬಿ. ಬರುತ್ತದೆಯೇ? ಇಲ್ಲ. ಕೈ ಕುಲುಕುವುದರಿಂದಲೂ ಬರುವುದಿಲ್ಲ. ಶ್ವಾಸಕೋಶದ ಟಿ.ಬಿ. ಇರುವವರು ಕೆಮ್ಮಿದಾಗ, ಜೋರಾಗಿ ಮಾತಾಡಿದಾಗ, ಹಾಡಿದಾಗ ಗಾಳಿಗೆ ಬರುವ ಅತಿಸಣ್ಣ ಹನಿಗಳಿಂದ ಬರುತ್ತದೆ. ಅದೂ ಹೆಚ್ಚಾಗಿ ಗಾಳಿಯಾಡದ ಕೋಣೆಯಲ್ಲಿ ಬಹಳ ಹೊತ್ತು ಜೊತೆಗಿದ್ದರೆ. ಕಿಟಕಿ ತೆರೆದಿಡುವುದು ದೊಡ್ಡ ರಕ್ಷಣೆ. ನಮ್ಮ ಗೆಳತಿ ಡಾಕ್ಟರ್ ಹೇಳುವವರೆಗೆ ಗಾಯನ ಮಂಡಳಿಗೆ ಬಾರದೆ ಇದ್ದದ್ದು ಇದಕ್ಕಾಗಿಯೇ.

ಔಷಧಿ ತೆಗೆದುಕೊಳ್ಳುತ್ತಿರುವವರಿಂದ ಹರಡುತ್ತದೆಯೇ? ಔಷಧಿ ಕೆಲಸ ಮಾಡುವ ಟಿ.ಬಿ.ಯಾದರೆ ಸಾಮಾನ್ಯವಾಗಿ ಎರಡು ವಾರಗಳಲ್ಲೇ ಹರಡುವ ಶಕ್ತಿ ಬಹಳ ಇಳಿಯುತ್ತದೆ. ಪರೀಕ್ಷೆ ಮಾಡಿಸಿ ಔಷಧಿ ತೆಗೆದುಕೊಳ್ಳುತ್ತಿರುವವರಿಗಿಂತ, ಹೆದರಿ ಕೆಮ್ಮನ್ನು ಮುಚ್ಚಿಡುವವರಿಂದ ಅಪಾಯ ಹೆಚ್ಚು. ಜನರು ದೂರ ಮಾಡುತ್ತಾರೆ ಎಂಬ ಭಯದಿಂದಲೇ ಅನೇಕರು ಮುಚ್ಚಿಡುತ್ತಾರೆ.

ಮನೆಯ ಉಳಿದವರಿಗೆ? ಅವರನ್ನೂ ಪರೀಕ್ಷಿಸುತ್ತಾರೆ. ರೋಗ ಇಲ್ಲದಿದ್ದರೂ ಬಾರದಂತೆ ತಡೆಯುವ ಔಷಧಿ ಕೊಡುತ್ತಾರೆ. ಬ್ಯಾಕ್ಟೀರಿಯಾ ದೇಹಕ್ಕೆ ಸೇರಿದವರೆಲ್ಲ ರೋಗಿಗಳಾಗುವುದಿಲ್ಲ. ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಜೀವನವಿಡೀ ಮಲಗಿಯೇ ಇರುತ್ತದೆ.

ಮದುವೆ, ಮಕ್ಕಳು? ಪೂರ್ತಿ ಗುಣವಾದವರಿಗೆ ಟಿ.ಬಿ. ಬಂದಿತ್ತು ಎಂಬುದು ಮದುವೆಗೆ ಅಡ್ಡಿಯಲ್ಲ. ಇದು ವಂಶದಲ್ಲಿ ಹರಿದು ಬರುವ ರೋಗವೂ ಅಲ್ಲ.

ಖರ್ಚು? ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಊಟಕ್ಕಾಗಿ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. 2024ರ ನವೆಂಬರಿನಿಂದ ಅದು 1000 ರೂಪಾಯಿ ಆಗಿದೆ.

ಕೊನೆಗೆ ಒಬ್ಬ ಅಂಕಲ್ ಕೇಳಿದರು: "ಜ್ವರ ಬಂದರೆ ಮೆಡಿಕಲಿನಿಂದ ಎರಡು ಆಂಟಿಬಯೋಟಿಕ್ ತಂದು ತಿಂದರೆ ಆಗುವುದಿಲ್ಲವೋ?" ಅಕ್ಕ ಉತ್ತರಿಸಿದರು. ಪೆನಿಸಿಲಿನ್‌ನಂಥ ಔಷಧಿ ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಕಟ್ಟಲು ಬಿಡುವುದಿಲ್ಲ. ನಮ್ಮ ಕೋಶಗಳಿಗೆ ಅಂಥ ಗೋಡೆಯೇ ಇಲ್ಲದ್ದರಿಂದ ನಮಗೆ ತೊಂದರೆಯಿಲ್ಲ. ಶೀತ ಜ್ವರ ತರುವ ವೈರಸ್‌ಗೂ ಗೋಡೆ ಇಲ್ಲ, ಆದ್ದರಿಂದ ಆ ಮಾತ್ರೆಯಿಂದ ವೈರಸ್‌ಗೆ ಏನೂ ಆಗುವುದಿಲ್ಲ. ಆಗುವುದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ನಷ್ಟ, ಮತ್ತು ಮಾತ್ರೆಗೆ ಬಗ್ಗದಂಥವುಗಳಿಗೆ ಲಾಭ. ಔಷಧಿಯ ಹಾಳೆಯ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು. ಕೊಟ್ಟಷ್ಟು ದಿನ ಪೂರ್ತಿ ತೆಗೆದುಕೊಳ್ಳಬೇಕು. ಮನೆಯ ಡಬ್ಬಿಯಲ್ಲಿ ಉಳಿದ ಮಾತ್ರೆಯನ್ನು ನೆರೆಯವರಿಗೆ ಕೊಡಬಾರದು.

ಮುಂದಿನ ತಿಂಗಳು ಗೆಳತಿಯ ಮನೆಯವರು ಮತ್ತೊಮ್ಮೆ ಜಪಸರ ಪ್ರಾರ್ಥನೆ ಇಟ್ಟರು. ಹದಿಮೂರು ಮನೆಗಳಲ್ಲಿ ಒಂಬತ್ತು ಮನೆಯವರು ಬಂದರು. ಅವಳ ಅಮ್ಮ ಚಹಾ ಕೊಟ್ಟರು, ಬಂದವರೆಲ್ಲ ಕುಡಿದರು. ನಾಲ್ಕು ಮನೆಯವರು ಬರಲಿಲ್ಲ. ಅವರಿಗೆ ಬೇರೆ ಕಾರಣವಿತ್ತೋ, ಭಯ ಹೋಗಲಿಲ್ಲವೋ, ನಾವು ಕೇಳಲಿಲ್ಲ. ಭಯವೂ ನಿಧಾನವಾಗಿಯೇ ಹೋಗುತ್ತದೆ, ಅದಕ್ಕೂ ತಿಂಗಳುಗಟ್ಟಲೆ ಔಷಧಿ ಬೇಕು.

ನಮಗೆ ಉಳಿದದ್ದು

ವಿಜ್ಞಾನ ಓದಿದರೆ ವಿಶ್ವಾಸ ಕಡಿಮೆಯಾಗುತ್ತದೆಯೇ ಎಂದು ನಮ್ಮಲ್ಲಿ ಕೆಲವರ ಮನೆಯಲ್ಲಿ ಕೇಳಿದರು. ನಮಗೆ ಹಾಗೆ ಅನ್ನಿಸಲಿಲ್ಲ. ಹುಳಿಹಿಟ್ಟಿನ ಸಾಮತಿಯನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ಒಬ್ಬ ಹೆಂಗಸು ಅದನ್ನು ಮೂರು ಸೇರು ಹಿಟ್ಟಿನಲ್ಲಿ ಕಲಸಿಟ್ಟಳು, ಹಿಟ್ಟೆಲ್ಲ ಹುಳಿಯಾಯಿತು. ಈಗ ಆ ಸಾಮತಿ ಓದುವಾಗ ಹಿಟ್ಟಿನೊಳಗೆ ಸದ್ದಿಲ್ಲದೆ ಎರಡು ನಾಲ್ಕಾಗುವ, ನಾಲ್ಕು ಎಂಟಾಗುವ ಜೀವಗಳು ಕಣ್ಣ ಮುಂದೆ ಬರುತ್ತವೆ. ಯೇಸುಸ್ವಾಮಿ ದೇವರ ರಾಜ್ಯಕ್ಕೆ ಇಂಥ ಹೋಲಿಕೆ ಕೊಟ್ಟದ್ದು ಎಷ್ಟು ಸರಿ ಎಂದು ಈಗ ಹೆಚ್ಚು ಅರ್ಥವಾಗುತ್ತದೆ.

ಕುಷ್ಠರೋಗಿಯನ್ನು ಯೇಸುಸ್ವಾಮಿ ಗುಣಪಡಿಸುವಾಗ ಮೊದಲು ಕೈಚಾಚಿ ಮುಟ್ಟಿದರು ಎಂದು ಮಾರ್ಕನ ಶುಭಸಂದೇಶದಲ್ಲಿದೆ. ಗುಣಪಡಿಸುವ ಶಕ್ತಿ ನಮಗಿಲ್ಲ, ಅದು ಡಾಕ್ಟರರ ಮತ್ತು ಔಷಧಿಯ ಕೆಲಸ. ಹತ್ತಿರ ಹೋಗಿ ಕೂರುವುದು ನಮ್ಮಿಂದ ಆಗುತ್ತದೆ. ಏನು ಹರಡುತ್ತದೆ, ಏನು ಹರಡುವುದಿಲ್ಲ ಎಂದು ತಿಳಿದವರಿಗೆ ಅದು ಇನ್ನೂ ಸುಲಭ.

ಆದ್ದರಿಂದ ಗೆಳೆಯರೇ, ಹಿರಿಯರೇ, ನಮ್ಮದೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಕಫ ಪರೀಕ್ಷೆ ಮಾಡಿಸಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ನಮಗೆ ಹೇಳಿ, ನಮ್ಮಲ್ಲಿ ಯಾರಾದರೂ ಜೊತೆಗೆ ಬರುತ್ತೇವೆ. ನೆರೆಮನೆಯಲ್ಲಿ ಯಾರಾದರೂ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅವರ ಮನೆಗೆ ಹೋಗಿ, ಕಿಟಕಿ ಪಕ್ಕ ಕುಳಿತು ಅವರು ಕೊಟ್ಟ ಚಹಾ ಕುಡಿದು ಬನ್ನಿ.

ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.